ಜಿಗಿತ ಮೀಮಾಂಸೆಯ ಮಟಮಾರಿ ಪಾಠ

ಯಾವ ಶಾಸ್ತ್ರದಲ್ಲೂ ಮೊದಲು ಹೆಸರಿನ ಜಗಳ ಮುಗಿಯಬೇಕು, ವಿಷಯ ಆಮೇಲೆ. ಪ್ರಸ್ತುತ ಪ್ರಬಂಧಕ್ಕೆ ಆಧಾರವಾದ ವಿಡಿಯೊ ಗೇಮಿನ ಹೆಸರು ‘ಹಾಲೋ ನೈಟ್’. ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುದಾರಿಯ ಮೇಲಿರುವ ಮಟಮಾರಿಯಲ್ಲಿ ಇದಕ್ಕೆ ಮೂರು ಪಾಠಾಂತರಗಳು ಸಿಕ್ಕಿವೆ. ಲ್ಯಾಪ್‌ಟಾಪ್ ಮುಂದೆ ಕೂತ ಇಂಜಿನಿಯರಿಂಗ್ ಹುಡುಗ ಹೇಳುವ ಅರ್ಥ ‘ಟೊಳ್ಳು ವೀರ’. ಅಡುಗೆಮನೆಯಿಂದ ಕೇಳಿಸಿಕೊಂಡ ಅವನ ಅವ್ವನಿಗೆ ಅದು ರಾತ್ರಿ ಊಟಕ್ಕೆ ಹಾಲೋ ಮಜ್ಜಿಗೆಯೋ ಎಂಬ ಪ್ರಶ್ನೆ. ತಾತನ ಪಾಠ ‘ಹೊಲ ನೈಟ್’, ಅಂದರೆ ರಾತ್ರಿ ಹೊಲ ಕಾಯುವುದು. ಎರಡು ಪಾಠಗಳ ನಡುವೆ ಕ್ಲಿಷ್ಟವಾದದ್ದೇ ಮೂಲ ಎಂಬುದು ಗ್ರಂಥಸಂಪಾದನೆಯ ನಿಯಮ. ಆದರೆ ಪರದೆಯ ಮೇಲೆ ಕಂಡದ್ದು ಕತ್ತಲು, ಎತ್ತ ನೋಡಿದರೂ ಹುಳ, ಕೈಯಲ್ಲೊಂದು ಮೊನೆ ಹಿಡಿದ ಒಂಟಿ ಜೀವ. ಪ್ರಬಂಧಕಾರ ತಾತನ ಪಾಠವನ್ನೇ ಎತ್ತಿಹಿಡಿಯುತ್ತಾನೆ.

ಹುಟ್ಟಿನ ವಿವರ ಚುಟುಕಾಗಿ: ಆಸ್ಟ್ರೇಲಿಯಾದ ಅಡಿಲೇಡ್ ನಗರದ ಏರಿ ಗಿಬ್ಸನ್, ವಿಲಿಯಂ ಪೆಲೆನ್ ಎಂಬವರು ‘ಟೀಮ್ ಚೆರ್ರಿ’ ಎಂದು ಹೆಸರಿಟ್ಟುಕೊಂಡು, 2014ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಪಟ್ಟಿ ಎತ್ತಿದರು. ಜಾತ್ರೆಗೆ ಎತ್ತುವಂಥದೇ ಪಟ್ಟಿ, ಕೂಡಿದ್ದು ಸುಮಾರು 57 ಸಾವಿರ ಆಸ್ಟ್ರೇಲಿಯನ್ ಡಾಲರ್. ಆಟ ಹೊರಬಂದದ್ದು 2017ರ ಫೆಬ್ರುವರಿಯಲ್ಲಿ. ಈ ಜಾತಿಯ ಆಟಕ್ಕೆ ‘ಮೆಟ್ರಾಯ್ಡ್‌ವೇನಿಯಾ’ ಎನ್ನುತ್ತಾರೆ. ‘ಮೆಟ್ರಾಯ್ಡ್’, ‘ಕ್ಯಾಸಲ್‌ವೇನಿಯಾ’ ಎಂಬ 1986ರ ಎರಡು ಆಟಗಳ ಹೆಸರು ಕೂಡಿ ಆದ ಪದ ಅದು. ಎರಡೂ ಜಪಾನಿನವೇ ಆದ್ದರಿಂದ ಅರಿಸಮಾಸವೆಂದು ದೂರಲು ವೈಯಾಕರಣರಿಗೆ ಅವಕಾಶವಿಲ್ಲ.

ಈಗ ಪೂರ್ವಪಕ್ಷ. ಇಷ್ಟು ಚೆಂದದ ಆಟ ಇಷ್ಟೇಕೆ ಕಾಡುತ್ತದೆ?

ಮೊದಲ ಕಾಟ ನಕಾಶೆಯದು. ನೆಲದಡಿಯ ಹ್ಯಾಲೋನೆಸ್ಟ್ ರಾಜ್ಯಕ್ಕೆ ಇಳಿದವನ ಕೈಯಲ್ಲಿ ನಕಾಶೆ ಇರುವುದಿಲ್ಲ. ಕಾರ್ನಿಫರ್ ಎಂಬ ನಕಾಶೆಗಾರ ಪ್ರತಿ ಪ್ರದೇಶದ ಯಾವುದೋ ಮೂಲೆಯಲ್ಲಿ ಗುನುಗುತ್ತ ಕೂತಿರುತ್ತಾನೆ. ಅವನು ಮಾರುವುದು ಅರ್ಧಂಬರ್ಧ ನಕಾಶೆ. ಉಳಿದರ್ಧ ಬರೆಯಲು ಲೇಖನಿ ಬೇಕು. ಅದನ್ನು ಮಾರುವವಳು ಮೇಲೂರಿನಲ್ಲಿ ಅಂಗಡಿ ಇಟ್ಟಿರುವ ಅವನ ಹೆಂಡತಿ. ನಕಾಶೆಯಲ್ಲಿ ತಾನೆಲ್ಲಿದ್ದೇನೆಂದು ತಿಳಿಯಲು ದಿಕ್ಸೂಚಿ ಬೇಕು. ಅದೂ ಅವಳ ಅಂಗಡಿಯಲ್ಲೇ, ದರ ಬೇರೆ. ಗಂಡ ಹೆಂಡತಿಯ ಈ ವ್ಯವಹಾರವನ್ನು ಪ್ರಬಂಧಕಾರ ಅರ್ಥಶಾಸ್ತ್ರಜ್ಞರಿಗೆ ಬಿಡುತ್ತಾನೆ.

ಇಲ್ಲೊಂದು ಕ್ಷೇತ್ರಕಾರ್ಯದ ದಾಖಲೆ. ಹುಡುಗ ಹಸಿರು ಗವಿಗಳಲ್ಲಿ ಎರಡು ಸಂಜೆ ತಿರುಗಿ ನಕಾಶೆಗಾರನನ್ನು ಕಾಣದೆ ಕೈಚೆಲ್ಲಿದಾಗ, ಎಲೆ ಅಡಿಕೆ ಹಾಕಿಕೊಂಡು ಹಿಂದೆ ಕೂತಿದ್ದ ತಾತ ಅಂದದ್ದು ಇಷ್ಟು: “ಅಲ್ಲಿ ನೆಲದಾಗ ಕಾಗದ ಬಿದ್ದಾವ ನೋಡಲೇ. ಚೆಲ್ಲಿದಾಂವ ಮುಂದೇ ಇರ್ತಾನ.” ಇದ್ದ. ಕಾರ್ನಿಫರ್ ಇರುವಲ್ಲಿಗೆ ಕಾಗದದ ಹಾಳೆಗಳು ದಾರಿ ತೋರುತ್ತವೆ ಎಂಬುದು ಆಟದ ನಿಯಮವೇ ಹೌದು. ಹಂದಿ ಬಂದ ಜಾಡು ನೋಡಿ ಹೊಲ ಕಾದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ‘ಹೊಲ ನೈಟ್’ ಪಾಠಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಡ.

ಎರಡನೆಯ ಕಾಟ ಇನ್ನೂ ಘನವಾದದ್ದು. ವೀರ ಸತ್ತರೆ ಕೂಡಿಸಿದ ದುಡ್ಡೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ. ಅವನದೇ ಕಪ್ಪು ನೆರಳು ಅದನ್ನು ಕಾಯುತ್ತದೆ. ಕೊನೆಯ ಸಲ ಕೂತು ದಣಿವಾರಿಸಿಕೊಂಡ ಬೆಂಚಿನಿಂದ ಮತ್ತೆ ನಡೆದು ಹೋಗಿ ಆ ನೆರಳನ್ನು ಹೊಡೆದು ದುಡ್ಡು ಬಿಡಿಸಿಕೊಳ್ಳಬೇಕು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಹಳೆಯದು ಹೋಯಿತೆಂದೇ ಲೆಕ್ಕ.

ಅಡಿಲೇಡ್‌ನವರಿಗೆ ಇದು ಹೊಳೆದದ್ದು ಹೇಗೆ? ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿನ ಚರಿತ್ರೆ ಇದೇ ತಾನೆ! 14ನೆಯ ಶತಮಾನದಿಂದ ಬಹಮನಿಯವರೂ ವಿಜಯನಗರದವರೂ, ಆಮೇಲೆ ಬಹಮನಿಯವರ ಜಾಗಕ್ಕೆ ಬಂದ ಆದಿಲಶಾಹಿಗಳೂ, ಕಳಕೊಂಡ ಜಾಗಕ್ಕೇ ಮರಳಿ ಬಂದು ಕಳಕೊಂಡದ್ದನ್ನು ಬಿಡಿಸಿಕೊಳ್ಳಲು ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಕೋಟೆಗೋಡೆಯ ಮೇಲಿನ ಕಾವಲಿನವರನ್ನು ಪೋರ್ಚುಗೀಸ್ ಬಂದೂಕುಗಾರರು ಕೆಡವಿದ ಬಗೆಯನ್ನು ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಗೇಮಿನ ಭಾಷೆಯಲ್ಲಿ ಅದು ಬಾಸ್ ಫೈಟ್. 1565ರ ತಾಳಿಕೋಟೆ ಕದನದಲ್ಲಿ ವಿಜಯನಗರ ದಾರಿಯಲ್ಲೇ ಎರಡನೆಯ ಸಲ ಸತ್ತಿತು. ನೆರಳು ಕಾದದ್ದೇ ಬಂತು.

ಅದೇ ಕೋಟೆಯಲ್ಲಿ 1294ರ ಶಾಸನವಿದೆ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಆ ಚಪ್ಪಡಿಯ ಉದ್ದ 41 ಅಡಿಗೂ ಮಿಕ್ಕಿದ್ದು. ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಕೊರೆದಿದ್ದಾರೆ. ಕಟ್ಟಿದವರ ಹೆಸರಿದೆ, ಎಳೆದವರ ಚಿತ್ರವಿದೆ, ಗುಡ್ಡ ಹತ್ತುವುದು ಎತ್ತ ಕಡೆಯಿಂದ ಎಂಬುದಿಲ್ಲ. ಕಾರ್ನಿಫರ್ ಸಂಪ್ರದಾಯಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಪ್ರಬಂಧಕಾರನಿಗೆ ಬೇಕಾಗಿಲ್ಲ.

ಆಟದಲ್ಲಿ ಗೋಡೆ ಬಡಿದರೆ ಗುಪ್ತ ಕೋಣೆ ತೆರೆಯುವ ತಂತ್ರಕ್ಕೂ ಈ ಜಿಲ್ಲೆಯೇ ತವರು. ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರ್‌ಗೆ ಸಿಕ್ಕಿದ್ದು ಬಂಡೆಯ ಮೇಲಿನ ಅಕ್ಷರ. ಅಲ್ಲಿಯವರೆಗಿನ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’ ಆಗಿದ್ದ ರಾಜನ ‘ಅಶೋಕ’ ಎಂಬ ಹೆಸರು ಅದರಲ್ಲಿತ್ತು. ದುಡ್ಡಿಗೆ ಇಳಿದವನಿಗೆ ಕಥೆಯ ತುಣುಕು ಸಿಗುವುದು ಈ ಜಾತಿಯ ಆಟಗಳ ಹುಟ್ಟುಗುಣ.

ಜೀವದ ಲೆಕ್ಕದಲ್ಲಿ ಮಾತ್ರ ಆಟ ಬಡವಾಗಿದೆ. ವೀರನಿಗೆ ಮೊದಲಿಗೆ ಇರುವುದು ಐದು ಮುಖವಾಡ. ಐದು ಪೆಟ್ಟಿಗೆ ಕಥೆ ಮುಗಿಯಿತು. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಗುರು ವಿಜಯದಾಸರ ಮಾತಿನಂತೆ ಮಾನ್ವಿಯ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದರೆಂದು ಹರಿದಾಸ ಪರಂಪರೆ ಹೇಳುತ್ತದೆ. ಒಬ್ಬರ ‘ಲೈಫ್’ ಇನ್ನೊಬ್ಬರ ಖಾತೆಗೆ ಹಾಕುವ ಈ ಏರ್ಪಾಡು ಆಟ ಕಟ್ಟಿದವರಿಗೆ ತಿಳಿದಿದ್ದರೆ ಹುಡುಗನ ಸಂಜೆಗಳು ಉಳಿಯುತ್ತಿದ್ದವು.

ಇಷ್ಟೆಲ್ಲ ಕೂಡಿಸಿ, ಹಾಲೋ ನೈಟ್ ಮೂಲತಃ ರಾಯಚೂರು ಜಿಲ್ಲೆಯದು, ವೀರ ಮಟಮಾರಿಯವನು ಎಂಬ ಸಿದ್ಧಾಂತವನ್ನು ಪ್ರಬಂಧಕಾರ ಒಂದು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ತಾತನಿಗೆ ಓದಿ ಹೇಳಿದ. ಗಂಟೆ ಬಾರಿಸಿದರೆ ಓಡಿಬರುವ ಮುದಿ ಕೊಂಬುದುಂಬಿಯೇ ಹ್ಯಾಲೋನೆಸ್ಟ್ ರಾಜ್ಯದ ರೈಲು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ಕೂಡಿದ್ದು ರಾಯಚೂರಿನಲ್ಲೇ ಎಂದು ಕೊನೆಯ ಬಾಣವನ್ನೂ ಬಿಟ್ಟ.

ತಾತ ಮಿರ್ಚಿಯ ತೊಟ್ಟು ತೆಗೆದಿಟ್ಟು ಕೇಳಿದ, “ಆ ಹುಳ ಮಾತಾಡಂಗಿಲ್ಲೇನು?”

“ಇಲ್ಲ ತಾತ. ಕಡೀತನಕ ಒಂದು ಮಾತೂ ಆಡಂಗಿಲ್ಲ,” ಎಂದ ಹುಡುಗ.

“ಹಂಗಾರ ಅದು ನಮ್ಮೂರಿಂದಲ್ಲ. ನಮ್ಮೂರಾಂವ ಆಗಿದ್ರ ಸ್ಟೇಷನ್‌ನಾಗ ಇಳಿದ ಕೂಡ್ಲೇ ದಾರಿ ಕೇಳ್ತಿದ್ದ. ಕೇಳಿಸಿಕೊಂಡಾಂವ ಚಾ ಕುಡಿಸಿ ಸಂಬಂಧ ಹುಡುಕ್ತಿದ್ದ. ಸಾಯಾಕ ಹೊತ್ತೆಲ್ಲಿ ಇರ್ತಿತ್ತು?”

ಸಿದ್ಧಾಂತಕ್ಕೆ ಬಿದ್ದ ಪೆಟ್ಟಿಗೆ ಪ್ರಬಂಧಕಾರ ಉತ್ತರ ಹುಡುಕುತ್ತಿದ್ದಾಗ ಲ್ಯಾಪ್‌ಟಾಪ್ ಕಡೆಯಿಂದ ಪರಿಚಿತವಾದ ಸಪ್ಪಳ ಬಂತು. ಮುಳ್ಳಿನ ಹೊಂಡ, ನೆಗೆತ ಗೇಣು ಕಡಿಮೆ.

“ಮತ್ತ ಸತ್ತಿ?” ಎಂದ ತಾತ, ಕುರ್ಚಿ ಮುಂದೆ ಎಳೆದುಕೊಳ್ಳುತ್ತ.