ಬಾಡಿದ ಬಾಡಿ

ಶನಿವಾರ ಬಂತೆಂದರೆ ಬೆಂಗಳೂರಿನ ಹುಡುಗರು ಸಕಲೇಶಪುರದ ಕಡೆ ಜೀಪು ಹೊಡೆದುಕೊಂಡು ಬಂದು, ದುಡ್ಡು ಕೊಟ್ಟು ಕೆಸರಿನಲ್ಲಿ ಹೂತುಕೊಳ್ಳುತ್ತಾರೆ. ಅದಕ್ಕೆ ಆಫ್‌ರೋಡಿಂಗ್ ಎಂದು ಹೆಸರು. ಕಳಸದ ಆಚೆ ನಮ್ಮಲ್ಲಿ ಅದಕ್ಕೇ ‘ಮನೆಗೆ ಹೋಗುವುದು’ ಅನ್ನುತ್ತೇವೆ. ಡಾಂಬರು ಮುಗಿದ ಮೇಲೆ ಎರಡೂವರೆ ಕಿಲೋಮೀಟರು ಕೆಮ್ಮಣ್ಣು, ಒಂದು ಹಳ್ಳ, ಒಂದು ಕಡಿದಾದ ಇಳಿಜಾರು. ಆಮೇಲೆ ನಮ್ಮ ಅಂಗಳ. ಹೋಗುವಾಗ ಇಳಿಜಾರಾದದ್ದು ಬರುವಾಗ ಏರು. ತಾಪತ್ರಯವೆಲ್ಲ ಆ ಏರಿನದು.

ಈ ದಾರಿಗೆಂದು ಒಂದು ಹಳೆಯ ಪಿಕಪ್ ಕೊಂಡೆ. ಎಂಜಿನ್ ಗಟ್ಟಿಯಿತ್ತು, ಬಾಡಿ ಮಾತ್ರ ಬಾಡಿ ಹೋಗಿತ್ತು. ಹಿಂದಿನ ಯಜಮಾನರು ಅದರಲ್ಲಿ ವರ್ಷಾನುಗಟ್ಟಲೆ ಗೊಬ್ಬರ ಹೇರಿದ್ದರಂತೆ. ಪೊಟ್ಯಾಷ್ ಅಂದರೆ ಉಪ್ಪಿನ ದಾಯಾದಿ. ಚೆಲ್ಲಿದ್ದಕ್ಕೆ ಮಳೆಗಾಲದ ತೇವ ತಾಗಿದರೆ ತಗಡಿಗೆ ಉಳಿಗಾಲವಿಲ್ಲ. ಬಾಡಿಯ ಒಳಗೆ ನಿಂತು ಬಗ್ಗಿದರೆ ಕೆಳಗಿನ ರಸ್ತೆ ಕಾಣುತ್ತಿತ್ತು. ಒಂದು ಸಲ ಅರ್ಧ ಚೀಲ ಅಡಿಕೆ ದಾರಿಯುದ್ದಕ್ಕೂ ರಂಗೋಲಿ ಹಾಕಿಕೊಂಡು ಬಂತು.

‘ಹತ್ತು ಸಾವಿರದಲ್ಲಿ ಸರಿಮಾಡಿಸ್ತೀನಿ’ ಅಂದೆ. ಅಮ್ಮ ಮಾತಾಡಲಿಲ್ಲ. ಕಾಫಿ ಕುಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ತೆರೆದು ‘ಗಾಡಿ’ ಎಂದು ಬರೆದು ಕೆಳಗೆ ಗೆರೆ ಎಳೆದರು. ಆ ಗೆರೆ ನನಗೆ ಹಿಡಿಸಲಿಲ್ಲ.

ಮೊದಲು ಗುಜರಿ. ನೆಲಕ್ಕೆ ಹಾಸಲು ಅಲ್ಲೊಂದು ದಪ್ಪ ರಬ್ಬರಿನ ಬೆಲ್ಟ್ ಸಿಕ್ಕಿತು. ‘ಕುದುರೆಮುಖದ್ದು ಸಾರ್, ಅದಿರು ಸಾಗಿಸಿದ್ದು’ ಎಂದ ಅಂಗಡಿಯವ. ಅಲ್ಲಿ ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ನಮ್ಮ ಸೀಮೆಯ ಗುಜರಿಗಳಲ್ಲಿ ಕುದುರೆಮುಖದ ಬೆಲ್ಟು ಮಾತ್ರ ಇನ್ನೂ ಮುಗಿದಿಲ್ಲ. ಗುಡ್ಡದಲ್ಲಿ ಅದಿರಿಗಿಂತ ಬೆಲ್ಟೇ ಜಾಸ್ತಿ ಇತ್ತೋ ಏನೋ.

ಬೆಲ್ಟಿನ ಕೆಳಗೆ ಮೂರು ಮಿಲಿಮೀಟರಿನ ಚೆಕರ್ಡ್ ಪ್ಲೇಟು. ಬಾಡಿ ಎಂಟು ಅಡಿ ಉದ್ದ, ಐದೂವರೆ ಅಗಲ. ಪ್ಲೇಟು ಚದರ ಮೀಟರಿಗೆ 25 ಕೆ.ಜಿ. ತೂಗುತ್ತದೆ, ಅಂದರೆ ಒಟ್ಟು ನೂರು ಕೆ.ಜಿ. ಕಾಫಿಯ ಬೆಲೆಯನ್ನೇ 50 ಕೆ.ಜಿ. ಮೂಟೆಯ ಮೇಲೆ ಹೇಳುವ ನಮ್ಮ ಲೆಕ್ಕದಲ್ಲಿ ಎರಡು ಮೂಟೆ. ಬಾಡಿಗೆ ಕೊಡದ ಎರಡು ಮೂಟೆಯನ್ನು ಇನ್ನು ಜೀವಮಾನವಿಡೀ ಹೊತ್ತು ತಿರುಗಬೇಕು. ಇದು ಆಗ ಹೊಳೆಯಲಿಲ್ಲ.

ವೆಲ್ಡಿಂಗ್ ಅಂಗಡಿಯವನು ಮಿತಭಾಷಿ. ಪ್ಲೇಟು ಕೂರಿಸಿ, ಮೂಲೆಗಳನ್ನೆಲ್ಲ ಬೆಸೆದು, ರೆಡ್ ಆಕ್ಸೈಡ್ ಬಳಿದು, ಮುಖದ ಕವಚ ಎತ್ತಿ ಕೇಳಿದ:

‘ಸಾರ್, ತೂತು?’

‘ಯಾವ ತೂತು?’

‘ನೀರಿಗೆ.’

‘ಅಲ್ಲಯ್ಯಾ, ತೂತು ಮುಚ್ಚಿಸೋಕೇ ಅಲ್ವಾ ನಾನು ಬಂದದ್ದು?’

ಅವನು ಕವಚ ಇಳಿಸಿಕೊಂಡ. ಧೂಳು ನುಗ್ಗಬಾರದೆಂದು ಹಿಂಬಾಗಿಲಿನ ಸಂದಿಗೆ ಸೈಕಲ್ ಟ್ಯೂಬ್ ಸೀಳಿ ಅಂಟಿಸುವ ಐಡಿಯಾ ಕೂಡ ನನ್ನದೇ.

ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಆ ಬೆಂಗಳೂರಿನ ಜೀಪುಗಳಿಗೆಲ್ಲ ಕ್ಯಾಬಿನ್ನಿನ ಹಿಂದೆ ಒಂದು ಕಬ್ಬಿಣದ ಕಮಾನು ಇರುತ್ತದಲ್ಲ? ನನಗೂ ಬೇಕೆನಿಸಿತು. ಹತ್ತು ಮೀಟರು ಆಂಗ್ಲರ್ ತಂದೆ, ಮೀಟರಿಗೆ ಮೂರು ಕೆ.ಜಿ. (ಆಂಗಲ್ ಕಬ್ಬಿಣಕ್ಕೆ ನಮ್ಮ ವರ್ಕ್‌ಶಾಪುಗಳಲ್ಲಿ ಆಂಗ್ಲರ್ ಅನ್ನುತ್ತಾರೆ. ಆಂಗ್ಲರು ಹೋದರೂ ಆಂಗ್ಲರ್ ಹೋಗಲಿಲ್ಲ.) ಮೇಲೆ ಎರಡು ಲೈಟು. ಹುಣ್ಣಿಮೆಯ ರಾತ್ರಿಯೂ ಹಾಕಿಕೊಂಡು ಓಡಾಡಿದೆ.

ಮೇ ತಿಂಗಳಲ್ಲಿ ಎಫ್‌ಸಿ ಬಂತು. ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ಅದು ವರ್ಷಕ್ಕೊಮ್ಮೆ ಬರುವ ತಿಥಿ. ತಪಾಸಣೆಯವರು ಗಾಡಿಗೆ ಪ್ರದಕ್ಷಿಣೆ ಹಾಕಿ, ಕಮಾನು ನೋಡಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳಿದರು: ಕಂಪನಿ ಕೊಟ್ಟ ಹಾಗೆ ಇರಬೇಕು, ಬದಲಾಯಿಸುವುದಿದ್ದರೆ ಮೊದಲೇ ಅನುಮತಿ ಬೇಕು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆಯಂತೆ. ನನ್ನ ಕಮಾನಿನ ವಿಚಾರ ದೆಹಲಿಯವರೆಗೆ ಹೋಗಿದೆಯೆಂದು ತಿಳಿದು ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಬಿಚ್ಚಿ ಮನೆಯ ಹಿತ್ತಿಲಿಗೆ ಹಾಕಿದೆ.

ಆಮೇಲೆ ಮಳೆ ಹಿಡಿಯಿತು. ಗಾಡಿ ಖಾಲಿಯಿದ್ದರೆ ಏರಿನಲ್ಲಿ ಹಿಂದಿನ ಚಕ್ರ ಗಿರಗಿರನೆ ತಿರುಗಿ ಕೆಸರು ಎರಚುತ್ತಿತ್ತು. ಎಳೆಯುವುದು ಹಿಂದಿನ ಚಕ್ರ, ಭಾರವೆಲ್ಲ ಮುಂದೆ ಎಂಜಿನ್ನಿನದು. ಪ್ಲೇಟು, ಬೆಲ್ಟು ಸೇರಿದರೂ ಸಾಲದು. ಊರವರು ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಹೋಗುತ್ತಿದ್ದರು. ನಾನು ಮರ್ಯಾದೆಗೆ ಅಂಜಿ ಕಟ್ಟಲಿಲ್ಲ.

ಜುಲೈಯಲ್ಲಿ ಒಂದು ರಾತ್ರಿಯಿಡೀ ಜಡಿಮಳೆ. ಬೆಳಿಗ್ಗೆ ಅಮ್ಮನನ್ನು ಏಳೂವರೆಯ ಬಸ್ಸಿಗೆ ಬಿಡಬೇಕಿತ್ತು. ಹೊರಟೆವು. ಸ್ಟೇರಿಂಗ್ ಯಾಕೋ ಹಗುರವಾಗಿತ್ತು, ಹಿಂದೆ ಯಾರೋ ಹತ್ತಿ ಕೂತ ಹಾಗಿತ್ತು. ಏರು ಬಂತು. ಚಕ್ರ ಒಂದೇ ಒಂದು ಸಲ ಜಾರಲಿಲ್ಲ! ಆನೆ ದಿಬ್ಬ ಹತ್ತಿದ ಹಾಗೆ ಹತ್ತಿತು ಗಾಡಿ. ‘ನೋಡಿದೆಯಾ? ಇದಕ್ಕೇ ಖರ್ಚು ಮಾಡಿದ್ದು’ ಅಂದೆ.

ಡಾಂಬರಿನ ಹತ್ತಿರ ನಿಲ್ಲಿಸಿ, ಅಮ್ಮನ ಚೀಲ ಇಳಿಸಲು ಹಿಂಬಾಗಿಲು ತೆರೆದೆ. ಮೊಣಕಾಲಿನಿಂದ ಕೆಳಗೆ ನಾನು ಕಾಣಲಿಲ್ಲ. ನಾಲ್ಕು ಚದರ ಮೀಟರಿನ ಮೇಲೆ ನೂರು ಮಿಲಿಮೀಟರ್ ಮಳೆ, ಅಂದರೆ ನಾನೂರು ಲೀಟರು. ಹನಿಯೂ ಸೋರದಂತೆ ಕಾದದ್ದು ಸೈಕಲ್ ಟ್ಯೂಬು. ಕೊನೆಯಲ್ಲಿ ಒಂದು ಕಪ್ಪೆ ಹೊರಟಿತು, ಅದರ ಹಿಂದೆ ಚೀಲ.

‘ತೊಟ್ಟಿ ಮನೆ ಕಟ್ಟಿಸ್ತೀನಿ ಅಂದಿದ್ದೆ. ತೊಟ್ಟಿಯಾದರೂ ಆಯ್ತಲ್ಲ’ ಎಂದು ಅಮ್ಮ ಬಸ್ಸು ಹತ್ತಿದರು.

ವೆಲ್ಡಿಂಗ್‌ನವನು ಏನೂ ಕೇಳದೆ ಡ್ರಿಲ್ ತೆಗೆದು ಆರು ತೂತು ಹೊಡೆದ. ತೂತಿಗೆ ಇಪ್ಪತ್ತು ರೂಪಾಯಿ. ನೀರಿನ ಬದಲು ಈಗ ಹಿಂದಿನ ಆಕ್ಸಲಿನ ಮೇಲೆ ಆರು ಚೀಲ ಮರಳು ಕಟ್ಟಿದ್ದೇನೆ. ಖಾಲಿ ಗಾಡಿ ಸಲೀಸಾಗಿ ಏರು ಹತ್ತುತ್ತದೆ, ಲೋಡು ಇದ್ದ ದಿನ ಇಳಿಸಿಡುತ್ತೇನೆ. ಅಮ್ಮನ ಪುಸ್ತಕದಲ್ಲಿ ಒಟ್ಟು ಮೊತ್ತ 17,640. ಕೊನೆಯ ಸಾಲು, ‘ಮರಳು: 0’.

ಮೂವತ್ತು ಕೆ.ಜಿ. ಆಂಗ್ಲರ್ ಮಾರುವುದಿದೆ, ಬಣ್ಣ ಚೆನ್ನಾಗಿದೆ. ಸದ್ಯ ಅಮ್ಮ ಅದಕ್ಕೆ ಹಾಗಲಬಳ್ಳಿ ಹಬ್ಬಿಸಿದ್ದಾರೆ. ಬೇಕಾದವರು ಕಾಯಿ ಮುಗಿದ ಮೇಲೆ ಬನ್ನಿ.