ಮಾವನ ಕೊಲೆಗಾರ ಇನ್ನೂ ಸಿಕ್ಕಿಲ್ಲ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ, ಎದುರು ಸೀಟಿನವರ ಮುಖವನ್ನೇ ದುರುಗುಟ್ಟಿ ನೋಡುತ್ತ ಚೀಟಿಯಲ್ಲಿ ಏನೋ ಗೀಚುವವರು ಕಂಡರೆ ಹೆದರಬೇಡಿ. ಅವರು ಪೊಲೀಸರಲ್ಲ, ಎಲ್‌ಐಸಿ ಏಜೆಂಟರೂ ಅಲ್ಲ. ಕಾದಂಬರಿಕಾರರು. ನೀವು ಇಳಿಯುವುದರೊಳಗೆ ಅವರ ಕತೆಯಲ್ಲಿ ನಿಮ್ಮ ಕೊಲೆ ಆಗಿರುತ್ತದೆ, ಅಷ್ಟೇ.

ಅಂಥವರೊಬ್ಬರು ನಮ್ಮ ನೆಂಟರಲ್ಲೂ ಇದ್ದಾರೆ. ಊರಿಗೆಲ್ಲ ‘ಪತ್ತೇದಾರಿ ಮಾವ’. ಹೈಸ್ಕೂಲಿನಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಗಣಿತದ ಪುಸ್ತಕದೊಳಗಿಟ್ಟು ಓದಿ, ಗಣಿತದಲ್ಲಿ ಫೇಲಾದವರು. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ ಎಂಬುದು ಮಾವನಿಗೆ ಬಾಯಿಪಾಠ. ‘ನಾನು ಎಸ್ಸೆಸ್ಸೆಲ್ಸಿವರೆಗೆ ಹೋದವ. ಲೆಕ್ಕ ಹಾಕು’ ಎನ್ನುತ್ತಾರೆ. ಗಣಿತದಲ್ಲಿ ಫೇಲಾದವರ ಲೆಕ್ಕ ಅದು.

ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಒಬ್ಬರ ಗುರುತು ಒಬ್ಬರಿಗಿಲ್ಲದ ಬೆಂಗಳೂರಿತ್ತು. ಮಾವ ತಮ್ಮ ಪತ್ತೇದಾರನನ್ನು ಇಳಿಸಿದ್ದು ಶಿರಾಳಕೊಪ್ಪ ಸರ್ಕಲ್ಲಿನಲ್ಲಿ. ಕೋಟಿನ ಕಾಲರ್ ಏರಿಸಿಕೊಂಡು ಅವನು ಬಾಯಿ ಬಿಡುವ ಮೊದಲೇ ಚಾ ಅಂಗಡಿಯವನು ಕೇಳುತ್ತಾನೆ: ‘ಯಾರ ಮನೆಗೆ ಬಂದಿದ್ದು? ನೀವು ಯಾರ ಪೈಕಿ?’ ಚಂದ್ರಗುತ್ತಿಯಲ್ಲಿ ಕೆಮ್ಮಿದರೆ ಸೊರಬದಲ್ಲಿ ಕಷಾಯ ಕಾಯಿಸುವ ಸೀಮೆ ನಮ್ಮದು. ಇಲ್ಲಿ ಕೊಲೆ ಬೇಕಾದರೆ ಮಾಡಬಹುದು, ಗುಟ್ಟು ಉಳಿಸಿಕೊಳ್ಳಲು ಆಗುವುದಿಲ್ಲ.

ಆದರೂ ‘ರಕ್ತರಾತ್ರಿಯ ರಹಸ್ಯ’ ಬರೆದರು. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಹಿಂದೆ ನಡುರಾತ್ರಿ ಹೆಣ. ನಾಯಕಿ ಗುಡವಿಯಲ್ಲಿ ಸಮುದ್ರಕ್ಕೆ ಹಾರುತ್ತಾಳೆ. ‘ಮಾವ, ಗುಡವಿಯಲ್ಲಿರೋದು ಹಕ್ಕಿ ಬರೋ ಕೆರೆ ಅಲ್ವಾ?’ ಎಂದೆ. ‘ಕೆರೆಗೆ ಹಾರಿದರೆ ಮೊಣಕಾಲುದ್ದ ನೀರು ಮಾರಾಯ, ಹುಡುಗಿ ಸಾಯಲ್ಲ’ ಎಂದರು.

ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಕವರು ಜೊತೆಗಿಟ್ಟು ಪತ್ರಿಕೆಗೆ ಕಳಿಸುತ್ತಿದ್ದ ಕಾಲ. ಹಸ್ತಪ್ರತಿ ಹನ್ನೊಂದು ಸಲ ಹೋಯಿತು, ಹನ್ನೊಂದು ಸಲ ಬಂತು. ಪೋಸ್ಟ್‌ಮನ್ ಬೀದಿ ತುದಿಯಿಂದಲೇ ‘ಮಾವಾ, ಮಗಳು ತವರಿಗೆ ಬಂದಳು!’ ಎಂದು ಕೂಗುತ್ತಿದ್ದ. ದಪ್ಪ ಕವರು ಬಂದರೆ ತಿರಸ್ಕೃತ, ತೆಳು ಕವರು ಬಂದರೆ ಸ್ವೀಕೃತ ಎಂಬುದು ಬರೆಯುವವರ ಶಾಸ್ತ್ರ. ಹನ್ನೆರಡನೇ ಸಲ ತೆಳು ಕವರೇ ಬಂತು. ಅತ್ತೆ ಪಾಯಸಕ್ಕೆ ಏಲಕ್ಕಿ ಕುಟ್ಟಿದರು. ಒಡೆದು ನೋಡಿದರೆ, ‘ಕಾದಂಬರಿ ಸ್ವೀಕೃತವಾಗಿಲ್ಲ. ಹಸ್ತಪ್ರತಿ ಕಳೆದುಹೋಗಿದೆ, ಕ್ಷಮಿಸಿ.’

ಮಾವ ನೆನಪಿನಿಂದಲೇ ಮತ್ತೆ ಬರೆದರು. ಎರಡನೇ ಅಧ್ಯಾಯದಲ್ಲಿ ಸತ್ತ ಜೋಳದ ವ್ಯಾಪಾರಿ ಒಂಬತ್ತನೇ ಅಧ್ಯಾಯದಲ್ಲಿ ಕಾಫಿ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ಬೈಯುವುದು ಆ ಗಡಿಬಿಡಿಯಲ್ಲಿ ಆದದ್ದು ಎಂದು ಅತ್ತೆ ಸಮರ್ಥಿಸುತ್ತಾರೆ. ಮೊದಲ ಪ್ರತಿಯನ್ನು ನಾನು ಓದಿದ್ದೇನೆ. ಅದರಲ್ಲಿ ಅವನು ಊಟವನ್ನೂ ಮಾಡಿದ್ದ.

ಆ ವರ್ಷ ಶುಂಠಿಗೆ ಬೆಲೆ ಬಂತು. ದುಡ್ಡು ಶಿವಮೊಗ್ಗದ ಪ್ರೆಸ್ಸಿಗೆ ಹೋಯಿತು, 500 ಪ್ರತಿ ಬಂದವು. ಟಿ.ಕೆ. ರಾಮರಾಯರ ಕಾದಂಬರಿ 1972ರಲ್ಲಿ ‘ಬಂಗಾರದ ಮನುಷ್ಯ’ ಸಿನಿಮಾ ಆದದ್ದು ನೆನಪಿದ್ದುದರಿಂದ, ಮೊದಲ ಪುಟದಲ್ಲೇ ‘ಸಿನಿಮಾ ಹಕ್ಕು ಕಾಯ್ದಿರಿಸಿದೆ’ ಎಂದು ಅಚ್ಚಾಗಿತ್ತು. ಬಿಡುಗಡೆಗೆ ಬಂದ ಮುಖ್ಯ ಅತಿಥಿಗಳು ಪುಸ್ತಕ ಓದಿರಲಿಲ್ಲ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲೂಕಿನಲ್ಲೇ ಇರುವುದರಿಂದ ಭಾಷಣಕ್ಕೇನೂ ತೊಂದರೆಯಾಗಲಿಲ್ಲ. ‘ಈ ಕೃತಿಯಲ್ಲಿ ಅನುಭಾವ ತೊಟ್ಟಿಕ್ಕುತ್ತಿದೆ’ ಎಂದು ಮುಖಪುಟ ಎತ್ತಿ ತೋರಿಸಿದರು. ಅಲ್ಲಿ ತೊಟ್ಟಿಕ್ಕುತ್ತಿದ್ದದ್ದು ಚೂರಿಯ ರಕ್ತ.

ಮರುದಿನ ಊರಿನ ನಿಜವಾದ ಜೋಳದ ವ್ಯಾಪಾರಿ ಜಗಳಕ್ಕೆ ಬಂದರು. ತಮ್ಮನ್ನು ಕೊಂದದ್ದಕ್ಕಲ್ಲ. ‘ಎರಡನೇ ಅಧ್ಯಾಯಕ್ಕೇ ಮುಗಿಸಿಬಿಟ್ಟಿರಲ್ಲ, ನಾನೇನು ಅಷ್ಟು ಸದರವಾ?’

ಪುಸ್ತಕ ಮಾರಾಟವಾಗಲಿಲ್ಲ. ಮಾವ ಧೃತಿಗೆಡಲಿಲ್ಲ. ‘ತಾಳಗುಂದದ ಕಂಬದ ಮೇಲೆ ಕುಬ್ಜಕವಿಯ ಕಾವ್ಯ ಒಂದೂವರೆ ಸಾವಿರ ವರ್ಷದಿಂದ ನಿಂತಿದೆ. ಒಂದು ಪ್ರತಿಯಾದರೂ ಖರ್ಚಾಯಿತಾ?’ ಎಂದರು. ಕುಬ್ಜ ಬರೆದದ್ದು ಕಲ್ಲಿನ ಮೇಲೆ, ಅದನ್ನು ತೂಕಕ್ಕೆ ಹಾಕಲು ಬರುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಅತ್ತೆಗೆ ಹೊಳೆಯಿತು. ಮಾವ ಚಂದ್ರಗುತ್ತಿ ಜಾತ್ರೆಗೆ ಹೋದ ದಿನ, ಗೌರವ ಪ್ರತಿ 13 ಕಳೆದು ಉಳಿದ 487 ಪುಸ್ತಕಗಳು ಶಿರಾಳಕೊಪ್ಪದ ಮಂಡಕ್ಕಿ ಅಂಗಡಿ ಸೇರಿದವು.

ಮಾವನಿಗೆ ಓದುಗರು ಹುಟ್ಟಿದ್ದು ಆಮೇಲೆ. ಮಿರ್ಚಿ ಕಟ್ಟಿಕೊಟ್ಟ ಹಾಳೆ ಓದಿದ ಲಾರಿ ಡ್ರೈವರೊಬ್ಬ ಮರುವಾರ ಬಂದು, ‘43ನೇ ಪುಟ ಆಯ್ತು, 45ರಲ್ಲಿ ಕಟ್ಟಿಕೊಡಿ’ ಎಂದನಂತೆ. ಸುದ್ದಿ ಕೇಳಿದ ಮಾವ ಓಡಿದರು. ಅಂಗಡಿಯ ಬೆಂಚಿನಲ್ಲಿ ಐದಾರು ಜನ ಎಣ್ಣೆ ಹಾಳೆಗಳನ್ನು ಜೋಡಿಸುತ್ತ ಕೂತಿದ್ದರು. ‘ಸಾಹಿತಿಗಳೇ, ಕೊನೆಗೆ ಕೊಂದವನು ಯಾರು?’ ಮಾವ ಬಾಯಿ ತೆರೆದರು, ಮುಚ್ಚಿದರು. ಮೊದಲ ಪ್ರತಿಯ ಕೊಲೆಗಾರ ಬೇರೆ, ಎರಡನೆಯದರವನು ಬೇರೆ. ಈಗ ಇಬ್ಬರೂ ಮರೆತುಹೋಗಿದ್ದರು. ಗೌರವ ಪ್ರತಿ ಪಡೆದವರನ್ನು ಕೇಳಿದರೆ ‘ಎಲ್ಲಿಟ್ಟಿದ್ದೇವೋ ನೋಡಬೇಕು’ ಎನ್ನುತ್ತಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಶಿರಾಳಕೊಪ್ಪದ ಕಡೆ ಮಂಡಕ್ಕಿ ತಿಂದಾಗ ಪೊಟ್ಟಣ ಬಿಸಾಡುವ ಮೊದಲು ಪುಟಸಂಖ್ಯೆ ನೋಡಿ. 187 ಇದ್ದರೆ ಎಣ್ಣೆ ಒರೆಸಿ ಅಂಗಡಿಯವರ ಕೈಗೆ ಕೊಡಿ. ಮಾವ ಎರಡನೇ ಭಾಗ ಬರೆಯಲು ಕಾಯುತ್ತಿದ್ದಾರೆ.