ಬಾವುಟದ ಮಡಿ

ಅಮೆರಿಕದ ಪೌರತ್ವದ ಪ್ರಮಾಣ ಮಾಡಿದ ದಿನ ಕೈಗೆ ಕೊಟ್ಟ ಪುಟ್ಟ ಬಾವುಟ ನಮ್ಮ ಮನೆಯಲ್ಲಿ ನೇರ ದೇವರ ಕಪಾಟು ಸೇರಿತ್ತು. ಊದಿನಕಡ್ಡಿಯ ಹೊಗೆಗೆ ಅದರ ಬಿಳಿ ಪಟ್ಟೆಗಳು ಗೋಧಿಬಣ್ಣಕ್ಕೆ ತಿರುಗಿದ ಮೇಲೆ, ಜುಲೈ 4ಕ್ಕೆ ಬಾಗಿಲ ಮುಂದೆ ದೊಡ್ಡದೊಂದು ಹಾರಲೇಬೇಕೆಂದು ಹೆಂಡತಿ ಆಜ್ಞೆ ಹೊರಡಿಸಿದಳು. ಡಲ್ಲಾಸ್ ಹೊರವಲಯದ ನಮ್ಮ ಬೀದಿಯಲ್ಲಿ ಬೋಳಾಗಿ ನಿಂತಿದ್ದ ಮನೆ ನಮ್ಮದೊಂದೇ.

ಹುಬ್ಬಳ್ಳಿಯಿಂದ ಬಂದಿದ್ದ ಅಪ್ಪನನ್ನೂ ಅಂಗಡಿಗೆ ಕರೆದೊಯ್ದೆ. ಬೆಂಗೇರಿಯ ಖಾದಿ ಸಂಘದಲ್ಲಿ ತ್ರಿವರ್ಣಧ್ವಜ ತಯಾರಾಗುವ ಊರಿನವರು, ಬಟ್ಟೆ ಮುಟ್ಟದೆ ಮಾತಾಡುತ್ತಾರೆಯೇ? ಮೂರಡಿ ಅಗಲ, ಐದಡಿ ಉದ್ದದ ಬಾವುಟದ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಖಾದಿ ಇಲ್ಲೇನು?" ಎಂದರು. ನೈಲಾನ್ ಸಣ್ಣ ಗಾಳಿಗೂ ಹಾರುತ್ತದೆ, ನೆನೆದರೆ ಬೇಗ ಒಣಗುತ್ತದೆ. ಪಾಲಿಯೆಸ್ಟರ್ ಭಾರ, ಆದರೆ ಬಿರುಗಾಳಿ ತಡೆಯುತ್ತದೆ ಎಂದ ಅಂಗಡಿಯ ಹುಡುಗ. "ಲಗೂ ಒಣಗೂದs ತಗೊ," ಎಂದು ಅಪ್ಪ ತೀರ್ಪು ಕೊಟ್ಟರು.

ಅರ್ಥ ಹೇಳುವ ಕೆಲಸ ಮಗಳದು. 13 ಪಟ್ಟೆ ಮೊದಲಿನ ವಸಾಹತುಗಳು, 50 ನಕ್ಷತ್ರ ಈಗಿನ ರಾಜ್ಯಗಳು. ಹವಾಯಿ ಸೇರಿದ ಮೇಲೆ, 1960ರ ಜುಲೈ 4ರಿಂದ ಇದೇ ವಿನ್ಯಾಸ.

"ಹಂಗಾರ ಇದು ನನಗಿಂತ ಸಣ್ಣದು," ಎಂದು ಅಪ್ಪ ಕಾಲು ಚಾಚಿ ಕೂತರು. "ಕೆಂಪಿಗೇನು ಅರ್ಥವಾ?"

"1777ರ ನಿರ್ಣಯದಲ್ಲಿ ಬಣ್ಣಗಳಿಗೆ ಅರ್ಥ ಕೊಟ್ಟೇ ಇಲ್ಲ ಅಜ್ಜಾ. 1782ರಲ್ಲಿ ಚಾರ್ಲ್ಸ್ ಥಾಮ್ಸನ್ ರಾಷ್ಟ್ರಮುದ್ರೆಗೆ ಹೇಳಿದ್ದು: ಕೆಂಪು ಶೌರ್ಯ, ಬಿಳಿ ಶುದ್ಧತೆ, ನೀಲಿ ಅಂದ್ರೆ ಎಚ್ಚರ, ನ್ಯಾಯ. ಜನ ಅದನ್ನೇ ಬಾವುಟಕ್ಕೂ ಹಚ್ಚಿಕೊಂಡ್ರು."

ಆಮೇಲೆ ಹೆಂಡತಿ ಧ್ವಜಸಂಹಿತೆ ಓದತೊಡಗಿದಳು. ನೆಲಕ್ಕೆ ತಾಕಬಾರದು. ಸೂರ್ಯೋದಯಕ್ಕೆ ಏರಿಸಿ ಸೂರ್ಯಾಸ್ತಕ್ಕೆ ಇಳಿಸಬೇಕು. ರಾತ್ರಿ ಬಿಟ್ಟರೆ ಮೇಲೆ ಬೆಳಕು ಬಿದ್ದಿರಬೇಕು. ಮೆಂತ್ಯಪಲ್ಯ ಸೋಸುತ್ತಿದ್ದ ಅವ್ವ ತಲೆ ಎತ್ತಿದಳು: "ಇದು ಮಡೀನs ಅಲ್ಲೇನು?"

ಮಡಿ-ಮೈಲಿಗೆಯಿಂದ ತಪ್ಪಿಸಿಕೊಳ್ಳಲು ಏಳು ಸಮುದ್ರ ದಾಟಿದವರು ನಾವು. (ಸಂಬಳಕ್ಕಾಗಿ ಎಂಬುದು ಎರಡನೆಯ ಕಾರಣ, ಬಿಡಿ.) ಅಂದಿನಿಂದ ಬಾವುಟ ಅವ್ವನ ಸುಪರ್ದಿಗೆ ಹೋಯಿತು. ಸ್ನಾನವಾಗದೆ ಮುಟ್ಟುವಂತಿಲ್ಲ. ಆಟ ಮುಗಿಸಿ ಬಂದ ಮಗ ಕೋಲಿನ ಹತ್ತಿರ ಸುಳಿಯುವಂತಿಲ್ಲ. ಇಲ್ಲಿಯ ಬೇಸಿಗೆಯಲ್ಲಿ ಸೂರ್ಯ ಎಂಟೂವರೆಯಾದರೂ ಹೋಗುವುದಿಲ್ಲ, ಅವ್ವ ದೀಪದ ಬತ್ತಿ ಹೊಸೆಯುತ್ತ ಕಿಟಕಿಯಲ್ಲೇ ಕಾದು, "ಹೊತ್ತು ಮುಣಗಾಕತ್ತೈತಿ, ಇಳಸ್ರೋ!" ಎಂದು ಕೂಗುತ್ತಾಳೆ. ನಾನು ಉಣ್ಣುವ ಎಂಜಲುಗೈ ತೊಳೆದು ಓಡುತ್ತೇನೆ.

ಜುಲೈ 4ರಂದು ಎದುರುಮನೆಯಾತ ಬಾವುಟವೇ ಅಚ್ಚಾದ ಈಜುಚಡ್ಡಿಯಲ್ಲಿ ನಿಂತು ಕೋಳಿ ಸುಡುತ್ತ, ಬಾವುಟವೇ ಅಚ್ಚಾದ ಕಾಗದದ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. ಉಡುಪಿಗೂ ಬೇಡ, ಕಾಗದದ ಕರವಸ್ತ್ರಕ್ಕೂ ಬೇಡ ಎಂದೇ ಸಂಹಿತೆ ಹೇಳುತ್ತದೆ. ಮೀರಿದ ಸಾಮಾನ್ಯನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಅವ್ವ ಪರದೆ ಎಳೆದಳು. "ಇವರ ಮನ್ಯಾಗ ಹಿರೇರು ಯಾರೂ ಇಲ್ಲ ಕಾಣಸ್ತೈತಿ."

ಕೊನೆಗೆ ಈ ಕಲಮು ಓದಿದ್ದೂ ಹೆಂಡತಿಯೇ: ಹರಿದು ಹಾರಿಸಲಾಗದಂತಾದ ಬಾವುಟವನ್ನು ಗೌರವದಿಂದ ಸುಡುವುದು ಒಳ್ಳೆಯದು. ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು.

"ಸುಟ್ಟ ಮ್ಯಾಲೆ ತಲಿಮ್ಯಾಲೆ ನೀರು ಹಾಕ್ಕೋಬೇಕೋ, ಬರೇ ಕೈಕಾಲು ತೊಳಕೊಂಡ್ರ ನಡೀತೈತೋ, ಅದನ್ನೂ ಬರದಾರೇನು ನೋಡವಾ."